ಸ್ಮಾರ್ಟ್ ವಾಚ್ ಕಟ್ಟಿಕೊಂಡವರಿಗೆ: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ ನಮ್ಮ ತೋಟ. ಎರಡು ವರ್ಷದ ಹಿಂದೆ ಮಗಳು ಬೆಂಗಳೂರಿನಿಂದ ಬರುವಾಗ ಒಂದು ಸ್ಮಾರ್ಟ್ ವಾಚ್ ತಂದು ನನ್ನ ಕೈಗೆ ಕಟ್ಟಿದಳು. ಊರಿನಲ್ಲಿ ಅದು ಮೊದಲನೆಯದೇನಲ್ಲ; ಅರವತ್ತು ದಾಟಿದವರ ಕೈಯಲ್ಲಿ ಮಾತ್ರ ಮೊದಲನೆಯದು. ಅಂದಿನಿಂದ ಸೊಸೈಟಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಶಿವಮೊಗ್ಗದ ಬಸ್ಸಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವವೇ. ಈಗ ಅವರ ಮಕ್ಕಳೂ ಒಂದೊಂದು ತಂದುಕೊಟ್ಟು ಹೋಗಿದ್ದಾರೆ, ಹೇಗೆ ಬಳಸುವುದೆಂದು ಹೇಳಿಕೊಡುವಷ್ಟು ದಿನ ಊರಿನಲ್ಲಿ ನಿಂತಿಲ್ಲ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಫೋನ್ ಇರುವಾಗ ಇದೇಕೆ ಬೇಕು?

ಮೊದಲ ತಿಂಗಳು ನಾನೂ ಮಗಳನ್ನು ಇದನ್ನೇ ಕೇಳುತ್ತಿದ್ದೆ. ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಕುಳಿತು ಕೆಲಸ ಮಾಡುವವರಿಗೆ ಬಹುಶಃ ಬೇಡ. ನಮ್ಮ ದಿನ ಹಾಗಿರುವುದಿಲ್ಲ. ಕೈಯಲ್ಲಿ ಕತ್ತಿ, ಮೈಮೇಲೆ ರೇನ್‌ಕೋಟು, ಅದರೊಳಗೆ ಅಂಗಿ, ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಫೋನ್. ಇಷ್ಟನ್ನೂ ಬಿಚ್ಚಿ ಒದ್ದೆ ಕೈಯಲ್ಲಿ ತೆಗೆದು ನೋಡಿದರೆ ಸಾಲ ಬೇಕೇ ಎಂದು ಕೇಳುವ ಯಾರೋ ಒಬ್ಬರು. ಈಗ ಮಣಿಕಟ್ಟು ತಿರುಗಿಸಿ ಹೆಸರು ನೋಡುತ್ತೇನೆ. ಮಂಡಿಯವರಾದರೆ ಕೆಲಸ ನಿಲ್ಲಿಸಿ ಮಾತಾಡುತ್ತೇನೆ, ಸಾಲದವರಾದರೆ ಹೊಡೆದುಕೊಳ್ಳಲಿ ಎಂದು ಬಿಡುತ್ತೇನೆ. ಫೋನನ್ನು ಜೇಬಿನಿಂದ ತೆಗೆಯದೆ ಇರುವುದಕ್ಕಾಗಿ ಕೊಟ್ಟ ದುಡ್ಡು ಇದು ಎಂದುಕೊಳ್ಳಿ.

ಇದಕ್ಕೆ ಮೊದಲ ದಿನವೇ ಒಂದು ಕೆಲಸ ಮಾಡಬೇಕು. ಫೋನಿನಲ್ಲಿರುವ ವಾಚಿನ ಆ್ಯಪ್‌ಗೆ ಹೋಗಿ, ಕರೆ, ಸಂದೇಶ, ಬ್ಯಾಂಕ್ ಇಷ್ಟನ್ನು ಬಿಟ್ಟು ಉಳಿದೆಲ್ಲ ನೋಟಿಫಿಕೇಷನ್‌ಗಳನ್ನು ಮುಚ್ಚಿಬಿಡಿ. ಇಲ್ಲದಿದ್ದರೆ ಬೆಳಗಾಗುವುದರೊಳಗೆ ಮೂರು ವಾಟ್ಸ್‌ಆ್ಯಪ್ ಗುಂಪುಗಳ ಶುಭೋದಯಗಳು ಕೈಯನ್ನು ನಡುಗಿಸಿ ಎಬ್ಬಿಸುತ್ತವೆ. ಬೇಸತ್ತು ವಾಚನ್ನು ಪೆಟ್ಟಿಗೆಗೆ ಸೇರಿಸಿದವರಲ್ಲಿ ನಾನು ಕಂಡ ಹೆಚ್ಚಿನವರು ಈ ಒಂದು ಕೆಲಸ ಮಾಡದವರು.

ದಿನನಿತ್ಯ ನಿಜವಾಗಿ ಉಪಯೋಗಕ್ಕೆ ಬರುವುದು ಯಾವುದು?

ಜಾಹೀರಾತಿನಲ್ಲಿ ಹೃದಯದ ಚಿತ್ರ ಇರುತ್ತದೆ. ನನ್ನ ಅನುಭವದಲ್ಲಿ ಮೊದಲ ಸ್ಥಾನ ಫೋನ್ ಹುಡುಕುವ ಗುಂಡಿಗೆ. ಅಡಿಕೆ ಹರಡಲು ಅಂಗಳಕ್ಕೆ ಇಳಿದಾಗ, ಕೊಟ್ಟಿಗೆಯಲ್ಲಿ ಹುಲ್ಲು ಹಾಕುವಾಗ, ಫೋನನ್ನು ಎಲ್ಲೋ ಇಟ್ಟು ಮರೆಯುವುದು ನನ್ನ ಹಳೆಯ ರೋಗ. ವಾಚಿನಲ್ಲಿ ಗುಂಡಿ ಒತ್ತಿದರೆ ಫೋನ್ ಕೂಗುತ್ತದೆ. ಸೈಲೆಂಟ್‌ನಲ್ಲಿದ್ದರೂ ಬಹಳಷ್ಟು ವಾಚುಗಳು ಅದನ್ನು ಕೂಗಿಸುತ್ತವೆ. ಒಮ್ಮೆ ಅದು ಹುಲ್ಲಿನ ಬಣವೆಯೊಳಗಿನಿಂದ ಕೂಗಿತು. ಹಸು ಹೆದರಿತು, ಫೋನ್ ಸಿಕ್ಕಿತು.

ಎರಡನೆಯದು ಟೈಮರ್. ಬೇಸಿಗೆಯಲ್ಲಿ ತೋಟಕ್ಕೆ ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಬಿಟ್ಟಾಗ ಒಂದು ಸಾಲಿಗೆ ನಲವತ್ತು ನಿಮಿಷವೆಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಮೊದಲೆಲ್ಲ ಮಾತಿಗೆ ಕುಳಿತರೆ ಮರೆತು ಒಂದೇ ಕಡೆ ಎರಡು ಗಂಟೆ ನೀರು ಹರಿಯುತ್ತಿತ್ತು. ಈಗ ಕೈ ನಡುಗಿದ ಕೂಡಲೇ ಎದ್ದು ವಾಲ್ವ್ ತಿರುಗಿಸುತ್ತೇನೆ. ಸದ್ದಿಗಿಂತ ಕಂಪನವೇ ನಮ್ಮ ಕೆಲಸಕ್ಕೆ ಒಳ್ಳೆಯದು. ಅಡಿಕೆ ಸುಲಿಯುವ ಯಂತ್ರದ ಪಕ್ಕದಲ್ಲಿ ನಿಂತಾಗ ಯಾವ ರಿಂಗೂ ಕೇಳಿಸುವುದಿಲ್ಲ. ಮನೆಯವಳು ಹಾಲು ಉಕ್ಕದಂತೆ ನೋಡಿಕೊಳ್ಳಲು ಇದೇ ಟೈಮರನ್ನು ಎರವಲು ಕೇಳುತ್ತಾಳೆ. ಟೈಮರ್ ಜೊತೆಗೆ ನನ್ನ ಕೈಯೂ ಒಲೆಯ ಹತ್ತಿರ ನಿಲ್ಲಬೇಕಾಗುತ್ತದೆ ಎಂಬುದು ಬೇರೆ ಮಾತು.

ಫೋನನ್ನು ಮನೆಯಲ್ಲಿಟ್ಟು ತೋಟಕ್ಕೆ ಹೋದರೆ ವಾಚಿಗೆ ಕರೆ ಬರುತ್ತದೆಯೇ?

ಬರುವುದಿಲ್ಲ. ಸಾಮಾನ್ಯ ವಾಚು ಬ್ಲೂಟೂತ್ ಮೂಲಕ ಫೋನಿಗೆ ಜೋತುಬಿದ್ದಿರುತ್ತದೆ. ಆ ಹಗ್ಗದ ಉದ್ದ ಬಯಲಿನಲ್ಲಿ ಸುಮಾರು 10 ಮೀಟರ್. ನಮ್ಮ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ‘ಬ್ಲೂಟೂತ್ ಕಾಲಿಂಗ್’ ಎಂದು ಡಬ್ಬದ ಮೇಲೆ ಬರೆದಿದ್ದರೆ, ಮಾತಾಡಲು ವಾಚಿನಲ್ಲಿ ಮೈಕು ಮತ್ತು ಸ್ಪೀಕರ್ ಇದೆ ಎಂದಷ್ಟೇ ಅರ್ಥ. ಕರೆ ಹೋಗುವುದು ಫೋನಿನ ಸಿಮ್‌ನಿಂದಲೇ.

ಇ-ಸಿಮ್, ಎಂದರೆ ಒಳಗೇ ಅಳವಡಿಸಿದ ಸಿಮ್, ಇರುವ ದುಬಾರಿ ವಾಚುಗಳು ಫೋನಿಲ್ಲದೆಯೂ ಮಾತಾಡುತ್ತವೆ. ಆದರೆ ಕೊಟ್ಟಿಗೆಯ ಮೂಲೆಯಲ್ಲಿ ನಿಂತು, ಫೋನನ್ನು ತಲೆಯ ಮೇಲೆ ಹಿಡಿದಾಗ ಮಾತ್ರ ಸಿಗ್ನಲ್ ಸಿಗುವ ಊರಿನಲ್ಲಿ ಆ ದುಡ್ಡು ಹಾಕುವ ಮೊದಲು ಯೋಚಿಸಿ.

ಯಾವ ಫೋನಿಗೆ ಯಾವ ವಾಚು?

ಆಪಲ್ ವಾಚಿಗೆ ಐಫೋನೇ ಬೇಕು. ಸ್ಯಾಮ್‌ಸಂಗ್‌ನ ಈಚಿನ ಗ್ಯಾಲಕ್ಸಿ ವಾಚುಗಳಿಗೆ ಆಂಡ್ರಾಯ್ಡ್ ಫೋನೇ ಬೇಕು. ಎರಡು-ಮೂರು ಸಾವಿರದ ವಾಚುಗಳು ಸಾಮಾನ್ಯವಾಗಿ ಎರಡಕ್ಕೂ ಹೊಂದಿಕೊಳ್ಳುತ್ತವೆ. ಮಕ್ಕಳು ಕೊಡುವ ಮೊದಲು ನಿಮ್ಮ ಬಳಿ ಯಾವ ಫೋನಿದೆ ಎಂದು ಕೇಳಿರುತ್ತಾರೆ ಎಂದು ನಂಬೋಣ.

ಕನ್ನಡ ಸಂದೇಶ ಸರಿಯಾಗಿ ಕಾಣಿಸುತ್ತದೆಯೇ?

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಗೂಗಲ್, ಸ್ಯಾಮ್‌ಸಂಗ್, ಆಪಲ್ ಬಳಗದ ವಾಚುಗಳಲ್ಲಿ ಕನ್ನಡ ಓದಲು ತೊಂದರೆಯಿಲ್ಲ. ಅಗ್ಗದ ವಾಚುಗಳಲ್ಲಿ ಮೂರು ಬಗೆಯ ಅನುಭವವಾಗಬಹುದು: ಕನ್ನಡ ಚೆನ್ನಾಗಿ ಕಾಣುತ್ತದೆ, ಸಾಲಾಗಿ ಖಾಲಿ ಚೌಕಗಳು ಕಾಣುತ್ತವೆ, ಅಥವಾ ಅಕ್ಷರಗಳು ಬರುತ್ತವೆ, ಒತ್ತಕ್ಷರಗಳು ಮಾತ್ರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತವೆ. ಮೂರನೆಯದು ತಮಾಷೆಯದು. ‘ಅಮ್ಮ’ನ ಮಕಾರ ಎರಡಾಗಿ ಒಡೆದು ನಡುವೆ ಒಂದು ಕೊಕ್ಕೆ ಕಾಣಿಸುತ್ತದೆ, ‘ಶಿವಮೊಗ್ಗ’ ಓದಲು ಕಾಗುಣಿತವನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ.

ಕಾರಣ ಇಷ್ಟೇ. ಇಂಗ್ಲಿಷಿನಂತೆ ಕನ್ನಡವನ್ನು ಒಂದಾದ ಮೇಲೊಂದು ಅಕ್ಷರ ಜೋಡಿಸಿ ಮುಗಿಸಲಾಗುವುದಿಲ್ಲ. ವ್ಯಂಜನ, ಹಲಂತ, ಮತ್ತೊಂದು ವ್ಯಂಜನ ಒಟ್ಟಿಗೆ ಬಂದಾಗ ಅವನ್ನು ಬೆಸೆದು ಹೊಸ ಆಕಾರ ಬರೆಯುವ ತಂತ್ರಾಂಶ ಬೇಕು. ಹತ್ತು ದಿನ ಬ್ಯಾಟರಿ ಉಳಿಸಲೆಂದು ತೀರಾ ಚಿಕ್ಕದಾಗಿ ಕಟ್ಟಿದ ವ್ಯವಸ್ಥೆಗಳಲ್ಲಿ ಅದನ್ನು ಕೈಬಿಟ್ಟಿರುತ್ತಾರೆ. ಅಂಗಡಿಯಲ್ಲಿ ವಾಚನ್ನು ನಿಮ್ಮ ಫೋನಿಗೆ ಜೋಡಿಸಿ, ಜೊತೆಗಿದ್ದವರಿಂದ ‘ಕೃಷ್ಣಾಷ್ಟಮಿಗೆ ಸ್ವಾಗತ’ ಎಂದು ಒಂದು ಸಂದೇಶ ಕಳಿಸಿಕೊಳ್ಳಿ. ಅದನ್ನು ಸರಿಯಾಗಿ ತೋರಿಸಿದರೆ ಉಳಿದದ್ದನ್ನೂ ತೋರಿಸುತ್ತದೆ.

ನಮ್ಮ ಮಳೆಯನ್ನು ತಡೆದುಕೊಳ್ಳುತ್ತದೆಯೇ?

ಮಳೆಯನ್ನು ತಡೆದುಕೊಳ್ಳುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಲ್ಲಿ ನೆನೆದು ಬಂದರೂ ನನ್ನದಕ್ಕೆ ಏನೂ ಆಗಲಿಲ್ಲ. ತಡೆದುಕೊಳ್ಳದಿರುವುದು ನಮ್ಮ ಬಚ್ಚಲನ್ನು.

‘5 ಎಟಿಎಂ’ ಎಂದು ಬರೆದಿದ್ದರೆ 50 ಮೀಟರ್ ಆಳದ ನಿಂತ ನೀರಿನಲ್ಲಿ ಇರುವಷ್ಟು ಒತ್ತಡವನ್ನು ಹೊಸ ವಾಚು ಪ್ರಯೋಗಾಲಯದಲ್ಲಿ ತಾಳಿಕೊಂಡಿದೆ ಎಂದರ್ಥ. ಕಟ್ಟಿಕೊಂಡು ಅಷ್ಟು ಆಳಕ್ಕೆ ಮುಳುಗಬಹುದೆಂದಲ್ಲ. ಹಂಡೆಯ ಕುದಿಯುವ ನೀರು, ಉಗಿ, ಸೀಗೆಪುಡಿ, ಸೋಪು, ಎಣ್ಣೆ ಇವು ವಾಚಿನ ಅಂಚಿನ ರಬ್ಬರನ್ನು ನಿಧಾನವಾಗಿ ಸಡಿಲಗೊಳಿಸುತ್ತವೆ. ಬಿಸಿಯಾದ ವಾಚಿನ ಮೇಲೆ ತಣ್ಣೀರು ಸುರಿದರೆ ಇನ್ನೂ ಕೆಟ್ಟದು. ದೀಪಾವಳಿಯ ಎಣ್ಣೆಸ್ನಾನಕ್ಕೆ ಕಟ್ಟಿಕೊಂಡೇ ಕುಳಿತ ನನ್ನ ಭಾವನ ವಾಚಿನ ಗಾಜಿನೊಳಗೆ ಮಾರನೆಯ ದಿನ ಮಂಜು ಕಟ್ಟಿತ್ತು. ಬಚ್ಚಲಿಗೆ ಹೋಗುವಾಗ ಬಿಚ್ಚಿಡಿ, ಅಷ್ಟು ಹೊತ್ತು ಚಾರ್ಜಿಗೂ ಹಾಕಿದಂತಾಯಿತು.

ಮಳೆಯಲ್ಲಿ ಇನ್ನೊಂದು ಉಪದ್ರವವಿದೆ. ಪರದೆಗೆ ಬೆರಳಿಗೂ ನೀರಿನ ಹನಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಆಷಾಢದ ದಿನ ಗದ್ದೆಯ ಬದುವಿನಲ್ಲಿ ನಡೆಯುತ್ತಿದ್ದಾಗ ಮಳೆಯೇ ಇದೇ ಭಾವನಿಗೆ ಮೂರು ಸಲ ಕರೆ ಮಾಡಿತ್ತು. ಆತ ಗಾಬರಿಯಾಗಿ ಸ್ಕೂಟರ್ ಹತ್ತಿ ಬಂದ. ಹೊರಡುವ ಮೊದಲು ‘ವಾಟರ್ ಲಾಕ್’ ಅಥವಾ ಹನಿಯ ಚಿತ್ರವಿರುವ ಗುಂಡಿ ಒತ್ತಿ ಪರದೆಗೆ ಬೀಗ ಹಾಕಿ.

ಬೆಲ್ಟಿನ ಕೆಳಗೆ ಕೆರೆತ, ಬೂಷ್ಟು. ಏನು ಮಾಡುವುದು?

ಚರ್ಮದ ಬೆಲ್ಟನ್ನು ಮಲೆನಾಡಿನ ಮಳೆಗಾಲದಲ್ಲಿ ಮರೆತುಬಿಡಿ. ನಿಮ್ಮ ಹಳೆಯ ಚಪ್ಪಲಿಗೆ ಬಂದ ಗತಿಯೇ ಅದಕ್ಕೂ ಬರುತ್ತದೆ. ಸಿಲಿಕೋನ್ ಬೆಲ್ಟ್ ಇರಲಿ, ರಾತ್ರಿ ಬಿಚ್ಚಿ ತೊಳೆದು ಒರೆಸಿ. ಕೆರೆತಕ್ಕೆ ಹೆಚ್ಚಾಗಿ ಬೆಲ್ಟಿಗಿಂತ ಅದರ ಅಡಿಯಲ್ಲಿ ನಿಂತ ಬೆವರು ಮತ್ತು ಸೋಪೇ ಕಾರಣ. ಒಂದೆರಡು ದಿನ ಇನ್ನೊಂದು ಕೈಗೆ ಕಟ್ಟಿ ನೋಡಿ. ಅಡಿಕೆ ಸುಲಿಯುವ ಕಾಲದಲ್ಲಿ ತಿಳಿಬಣ್ಣದ ಬೆಲ್ಟ್ ಬೇಡವೇ ಬೇಡ, ಚೊಗರಿನ ಕಲೆ ಹೋಗುವುದಿಲ್ಲ. ಬದಲಿ ಬೆಲ್ಟ್ ಕೊಳ್ಳುವಾಗ ಅಗಲ 20 ಮಿಲಿಮೀಟರೋ 22 ಮಿಲಿಮೀಟರೋ ನೋಡಿಕೊಳ್ಳಿ.

ಎಷ್ಟು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು? ಕರೆಂಟು ಹೋದರೆ?

ಫೋನಿನಂತೆ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದಾದ ವಾಚುಗಳು ಸಾಮಾನ್ಯವಾಗಿ ಒಂದೆರಡು ದಿನ. ಸರಳ ವಾಚುಗಳು ಐದರಿಂದ ಹತ್ತು ದಿನ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿರುವುದನ್ನು ನೋಡಿದವನಾಗಿ ನನ್ನ ಮತ ಸರಳದ್ದಕ್ಕೆ. ಪರದೆ ಸದಾ ಬೆಳಗುತ್ತಿರುವ ಆಯ್ಕೆಯನ್ನು ಮುಚ್ಚಿದರೆ ಬಾಳಿಕೆ ಬಹಳ ಹೆಚ್ಚುತ್ತದೆ.

ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡುವಾಗ ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ವಾಚು ಎಳೆಯುವ ವಿದ್ಯುತ್ತು ತೀರಾ ಕಡಿಮೆಯಾದ್ದರಿಂದ ಏನೂ ಜೋಡಿಸಿಲ್ಲವೆಂದು ಪವರ್ ಬ್ಯಾಂಕ್ ಮಲಗಿಬಿಡುತ್ತದೆ. ಜೊತೆಗೆ ಫೋನನ್ನೂ ಸಿಕ್ಕಿಸಿದರೆ ಎಚ್ಚರವಾಗಿರುತ್ತದೆ. ವಾಚಿನ ಬೆನ್ನಿನ ಲೋಹದ ಚುಕ್ಕೆಗಳಿಗೆ ಬೆವರಿನಿಂದ ಕಿಲುಬು ಹಿಡಿಯುತ್ತದೆ. ವಾರಕ್ಕೊಮ್ಮೆ ಒಣ ಹತ್ತಿಯಿಂದ ಒರೆಸಿ.

ಕುಳಿತಲ್ಲೇ ಹೆಜ್ಜೆ ಏರುತ್ತಿದೆ, ಕೆಟ್ಟಿದೆಯೇ?

ಕೆಟ್ಟಿಲ್ಲ. ವಾಚಿಗೆ ನಿಮ್ಮ ಕಾಲು ಕಾಣಿಸುವುದಿಲ್ಲ. ಒಳಗಿರುವ ಚಲನೆ ಅಳೆಯುವ ಚಿಪ್ಪು ಕೈ ತೂಗುವ ಲಯವನ್ನು ನೋಡಿ ಹೆಜ್ಜೆಯೆಂದು ಊಹಿಸುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಒಂದು ಸಂಜೆ ನಾನು ಎದ್ದೇ ಇರಲಿಲ್ಲ, ವಾಚಿನ ಲೆಕ್ಕದಲ್ಲಿ ಮೂರು ಸಾವಿರ ಹೆಜ್ಜೆ ನಡೆದಿದ್ದೆ. ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಟ್ಟದಿಂದ ಇಳಿದ ದಿನ ಅರ್ಧದಷ್ಟೂ ದಾಖಲಾಗಲಿಲ್ಲ. ಹೆಚ್ಚು ದುಡಿಯದ ಕೈಗೆ ಕಟ್ಟಿ, ‘ಎಡಗೈ’ ಅಥವಾ ‘ಬಲಗೈ’ ಎಂದು ಆ್ಯಪ್‌ನಲ್ಲಿ ಸರಿಯಾಗಿ ಹೇಳಿದರೆ ತಪ್ಪು ಸ್ವಲ್ಪ ಇಳಿಯುತ್ತದೆ.

ದಿನಕ್ಕೆ 10,000 ಹೆಜ್ಜೆ ಎಂಬ ಗುರಿಗೂ ವೈದ್ಯರ ಪ್ರಯೋಗಕ್ಕೂ ಮೂಲದಲ್ಲಿ ಸಂಬಂಧವಿಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು ‘ಮಾನ್ಪೊ-ಕೆ’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರೇ ಗುರಿಯಾಗಿ ಉಳಿಯಿತು. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಮಹಿಳೆಯರ ಬಗ್ಗೆ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 4,400 ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು, 7,500ರ ಹತ್ತಿರ ಆ ಲಾಭ ಏರುವುದು ನಿಂತಿತ್ತು. ಆದ್ದರಿಂದ ರಾತ್ರಿ ಊಟವಾದ ಮೇಲೆ ಉಳಿದ ಎಂಟುನೂರು ಹೆಜ್ಜೆಗಾಗಿ ಜಗಲಿಯ ಮೇಲೆ ಅತ್ತಿಂದಿತ್ತ ಓಡಾಡಿ ಮನೆಯವರ ನಿದ್ದೆ ಕೆಡಿಸಬೇಕಿಲ್ಲ.

ಹೃದಯ, ರಕ್ತದೊತ್ತಡ, ಆಮ್ಲಜನಕ ಇವನ್ನೆಲ್ಲ ನಂಬಬಹುದೇ?

ಒಂದೊಂದಾಗಿ ನೋಡಬೇಕು. ವಾಚಿನ ಬೆನ್ನಿನಲ್ಲಿ ಮಿನುಗುವ ಹಸಿರು ದೀಪವಿದೆಯಲ್ಲ, ಅದರ ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೆ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಿ ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ನಾಡಿಬಡಿತ ಹೇಳುತ್ತದೆ. ಸುಮ್ಮನೆ ಕುಳಿತಾಗ ಇದು ಸಾಕಷ್ಟು ಸರಿ. ಬೆಲ್ಟ್ ಸಡಿಲವಿದ್ದರೆ, ಮಾಘದ ಚಳಿಗೆ ಕೈ ಮರಗಟ್ಟಿದ್ದರೆ, ಕೊಡಲಿ ಬೀಸುತ್ತಿದ್ದರೆ ತಪ್ಪುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿ.

ಒಂದು ದಿನದ ಅಂಕಿಗಿಂತ ವಿಶ್ರಾಂತಿಯಲ್ಲಿರುವಾಗಿನ ಬಡಿತ ವಾರಗಟ್ಟಲೆ ಹೇಗಿದೆ ಎಂಬುದು ಉಪಯುಕ್ತ. ನನ್ನದು ಸಾಮಾನ್ಯವಾಗಿ 62. ಕಳೆದ ಮಾರ್ಚಿನಲ್ಲಿ ಎರಡು ದಿನ 74 ತೋರಿಸಿತು, ಮೂರನೆಯ ದಿನ ಜ್ವರ ಬಂತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ನಮ್ಮ ಕಡೆ ಬೇಸಿಗೆಯ ಜ್ವರವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಯಾವ ಜ್ವರವೆಂದು ವಾಚು ಹೇಳಲಿಲ್ಲ, ರಕ್ತಪರೀಕ್ಷೆ ಹೇಳಿತು, ಸದ್ಯ, ಮಾಮೂಲಿಯದು.

ರಕ್ತದೊತ್ತಡದ ವಿಷಯಕ್ಕೆ ಬಂದರೆ, ಕೆಲವು ದುಬಾರಿ ವಾಚುಗಳು ಅದನ್ನು ಅಂದಾಜಿಸುತ್ತವೆ, ಆದರೆ ತೋಳಿಗೆ ಪಟ್ಟಿ ಸುತ್ತುವ ಯಂತ್ರದೊಂದಿಗೆ ಆಗಾಗ ತಾಳೆ ಹಾಕಬೇಕಾಗುತ್ತದೆ. ಸ್ಯಾಮ್‌ಸಂಗ್‌ನವರು 28 ದಿನಕ್ಕೊಮ್ಮೆ ಎನ್ನುತ್ತಾರೆ. ಯಾವ ತಾಳೆಯೂ ಇಲ್ಲದೆ ಒತ್ತಡ ತೋರಿಸುವ ಅಗ್ಗದ ವಾಚನ್ನು ನನ್ನ ಅಕ್ಕನ ಮಗ ಒಂದು ಮೊಗೆಕಾಯಿಗೆ (ಸಾಂಬಾರು ಸೌತೆಗೆ) ಕಟ್ಟಿದ. ಮೊಗೆಕಾಯಿಯ ಒತ್ತಡ 118–76 ಎಂದು ಬಂತು. ನನ್ನದಕ್ಕಿಂತ ಚೆನ್ನಾಗಿತ್ತು.

ಆಮ್ಲಜನಕವನ್ನು ಕೆಂಪು ಮತ್ತು ಅತಿಕೆಂಪು ಬೆಳಕಿನಿಂದ ಅಳೆಯುತ್ತದೆ. ರಾತ್ರಿ ಕೈ ಮಡಚಿ ಮಲಗಿದಾಗ 88 ಎಂದು ಬಂದರೆ ಗಾಬರಿಯಾಗಬೇಡಿ. ಎದ್ದು ಕುಳಿತು, ಕೈ ಬೆಚ್ಚಗೆ ಮಾಡಿಕೊಂಡು ಮತ್ತೆ ನೋಡಿ. ಆಗಲೂ ಕಡಿಮೆಯಿದ್ದರೆ, ಇಲ್ಲವೇ ಉಸಿರಿಗೆ ಕಷ್ಟವಾಗುತ್ತಿದ್ದರೆ ವೈದ್ಯರ ಬಳಿ ಹೋಗಿ.

ಇಸಿಜಿ ಇರುವ ವಾಚುಗಳು ಬಡಿತದ ಲಯ ತಪ್ಪಿರುವ ಒಂದು ಬಗೆಯ ತೊಂದರೆಯ ಸುಳಿವು ಕೊಡಬಲ್ಲವು. ಹೃದಯಾಘಾತವನ್ನು ಪತ್ತೆ ಮಾಡಲಾರವು. ಆಪಲ್‌ನವರೇ ಹಾಗೆಂದು ಬರೆದಿದ್ದಾರೆ. ಆಸ್ಪತ್ರೆಯ ಇಸಿಜಿ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುತ್ತದೆ, ವಾಚು ಒಂದರಿಂದ. ಎದೆ ಹಿಡಿದುಕೊಂಡರೆ ವಾಚು ನೋಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ನಮ್ಮಲ್ಲಿಂದ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಎರಡು ಗಂಟೆಯ ದಾರಿ, ಕಳೆದುಕೊಳ್ಳಲು ಹೊತ್ತಿರುವುದಿಲ್ಲ.

ಸೂಜಿ ಚುಚ್ಚದೆ ಸಕ್ಕರೆ ನೋಡುವ ವಾಚು ಇದೆಯಂತೆ?

ಇಲ್ಲ. ಹಾಗೆಂದು ಮಾರುವವರಿದ್ದಾರೆ. ಚುಚ್ಚದೆ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ಅದರ ಅಂಕಿ ನೋಡಿ ಇನ್ಸುಲಿನ್ ಹೆಚ್ಚುಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಅಪಾಯ. ತೋಳಿಗೆ ಅಂಟಿಸುವ ಸಣ್ಣ ಸೂಜಿಯ ಸೆನ್ಸರ್‌ನಿಂದ ಅಂಕಿ ಪಡೆದು ತೋರಿಸುವ ವಾಚುಗಳು ಬೇರೆ; ಅಲ್ಲಿ ಅಳೆಯುವುದು ಸೆನ್ಸರ್.

ನಿದ್ದೆ, ಕ್ಯಾಲೊರಿ?

ಎಷ್ಟು ಹೊತ್ತಿಗೆ ಮಲಗಿದಿರಿ, ಎದ್ದಿರಿ ಎಂಬುದನ್ನು ಚೆನ್ನಾಗಿಯೇ ಹೇಳುತ್ತದೆ. ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಇಷ್ಟು ಎಂಬುದೆಲ್ಲ ಚಲನೆ ಮತ್ತು ನಾಡಿಯಿಂದ ಮಾಡಿದ ಊಹೆ. ಮಿದುಳಿನ ಅಲೆ ನೋಡದೆ ಖಚಿತವಾಗಿ ತಿಳಿಯುವುದಿಲ್ಲ. ಕ್ಯಾಲೊರಿಯಂತೂ ಇನ್ನೂ ದೂರ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಉಪಕರಣಗಳನ್ನು ಪರೀಕ್ಷಿಸಿದಾಗ ಅತ್ಯುತ್ತಮವೆನಿಸಿದ್ದೇ ಸರಾಸರಿ 27 ಶೇಕಡಾ ತಪ್ಪಿತ್ತು. ಆ ಅಂಕಿಯನ್ನು ನಂಬಿ ಇನ್ನೊಂದು ಕಡುಬು ಹಾಕಿಸಿಕೊಳ್ಳಬೇಡಿ. ಹಾಕಿಸಿಕೊಳ್ಳುವುದಾದರೆ ಕಡುಬಿನ ಮೇಲಿನ ಆಸೆಯಿಂದಲೇ ಹಾಕಿಸಿಕೊಳ್ಳಿ.

ಬೆಟ್ಟ ಹತ್ತುವಾಗ ದಾರಿ ತೋರಿಸುತ್ತದೆಯೇ?

ಜಿಪಿಎಸ್ ಒಳಗೇ ಇದೆಯೋ, ಫೋನಿನದನ್ನು ಎರವಲು ಪಡೆಯುತ್ತದೆಯೋ ಮೊದಲು ನೋಡಿ. ಅಗ್ಗದವು ಹೆಚ್ಚಾಗಿ ಎರಡನೆಯ ಬಗೆಯವು. ಒಳಗಿದ್ದರೂ ಕಾನಿನ ದಟ್ಟ, ಒದ್ದೆ ಎಲೆಗಳ ಕೆಳಗೆ ಉಪಗ್ರಹದ ಸಂಕೇತ ಕ್ಷೀಣಿಸುತ್ತದೆ, ಕಣಿವೆಯಲ್ಲಿ ಬಂಡೆಗೆ ಬಡಿದು ತಡವಾಗಿ ತಲುಪುತ್ತದೆ. ಹಾಗಾಗಿ ನೀವು ನೆಟ್ಟಗೆ ನಡೆದಿದ್ದರೂ ನಕ್ಷೆಯಲ್ಲಿ ಅಡ್ಡಾದಿಡ್ಡಿ ಗೆರೆ ಮೂಡುತ್ತದೆ. ಹೊರಡುವ ಮೊದಲು ಬಯಲಿನಲ್ಲಿ ಎರಡು ನಿಮಿಷ ನಿಂತು ಸಂಕೇತ ಹಿಡಿಸಿಕೊಳ್ಳಿ. ಬಂದ ದಾರಿಯಲ್ಲೇ ಹಿಂದಿರುಗಿಸುವ ಆಯ್ಕೆಯಿದ್ದರೆ ಮಂಜು ಮುಸುಕಿದಾಗ ಅದೇ ಎಲ್ಲಕ್ಕಿಂತ ಹೆಚ್ಚಿನದು.

ಎತ್ತರ ತೋರಿಸುವ ವಾಚುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಚಿಪ್ಪಿರುತ್ತದೆ. ಎಂಟೊಂಬತ್ತು ಮೀಟರ್ ಏರಿದರೆ ಒತ್ತಡ ಸುಮಾರು 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ, ಅದೇ ಲೆಕ್ಕ. ಆದರೆ ಮೋಡ ಕವಿದು ಒತ್ತಡ ಕುಸಿದರೂ ಅದು ನೀವು ಮೇಲೇರಿದಿರಿ ಎಂದೇ ತಿಳಿಯುತ್ತದೆ. ಒಂದು ಆಷಾಢದಲ್ಲಿ ನಮ್ಮ ಮನೆ ಎರಡು ದಿನಕ್ಕೆ 30 ಮೀಟರ್ ಮೇಲೆದ್ದಿತ್ತು! ಎತ್ತರ ಗೊತ್ತಿರುವ ಜಾಗದಲ್ಲಿ ಸರಿಪಡಿಸಿಕೊಳ್ಳಬೇಕು. ಕೊಡಚಾದ್ರಿಯ ನೆತ್ತಿಯಾದರೆ 1,343 ಮೀಟರ್ ಎಂದು ಹಾಕಿ. ತೋಟದಲ್ಲಿರುವಾಗ ನಾನು ಇದನ್ನೇ ಉಲ್ಟಾ ಬಳಸುತ್ತೇನೆ: ಅಂಗಳದಲ್ಲಿ ಅಡಿಕೆ ಹರಡಿರುವಾಗ ಮನೆ ಮೇಲೇಳತೊಡಗಿದರೆ ಟಾರ್ಪಾಲು ಹತ್ತಿರ ಇಟ್ಟುಕೊಳ್ಳುತ್ತೇನೆ.

ಬಿದ್ದರೆ ತಾನೇ ಕರೆ ಮಾಡುತ್ತದಂತೆ. ವಯಸ್ಸಾದ ಅಮ್ಮನಿಗೆ ಕೊಡಿಸಲೇ?

ಕೆಲವು ವಾಚುಗಳು ಜೋರಾಗಿ ಬಿದ್ದದ್ದನ್ನು ಗುರುತಿಸಿ, ಸ್ವಲ್ಪ ಹೊತ್ತು ಕಾದು, ನೀವು ಅಲ್ಲಾಡದಿದ್ದರೆ ತುರ್ತು ಕರೆ ಮಾಡುತ್ತವೆ. ಎಲ್ಲ ಬೀಳುವಿಕೆಯೂ ಅದಕ್ಕೆ ತಿಳಿಯುವುದಿಲ್ಲ. ಗೋಡೆ ಹಿಡಿದು ನಿಧಾನವಾಗಿ ಕುಸಿದರೆ ಕುಳಿತರೆಂದು ಭಾವಿಸಬಹುದು. ಇ-ಸಿಮ್ ಇಲ್ಲದ ವಾಚಾದರೆ ಕರೆ ಹೋಗಲು ಫೋನ್ ಹತ್ತಿರವಿರಬೇಕು, ಫೋನಿಗೆ ಸಿಗ್ನಲ್ ಇರಬೇಕು. ಶಿವಮೊಗ್ಗದ ಪೇಟೆಯ ಮನೆಯಾದರೆ ಕೊಡಿಸಿ. ಕಾಡಿನಂಚಿನ ಒಂಟಿ ಮನೆಯಾದರೆ ಮೊದಲು ವೈಫೈ ಹಾಕಿಸಿ, ಫೋನಿನಲ್ಲಿ ವೈಫೈ ಕರೆ ತೆರೆದಿಡಿ. ಅಮ್ಮ ಬಚ್ಚಲಿಗೆ ಹೋಗುವಾಗ ವಾಚು ಬಿಚ್ಚಿಡುತ್ತಾರೆ, ಜಾರುವುದು ಅಲ್ಲೇ. ಬಚ್ಚಲಿಗೆ ಒಂದು ಹಿಡಿಗಂಬಿಯನ್ನೂ ಹಾಕಿಸಿ, ಅದು ವಾಚಿಗಿಂತ ಅಗ್ಗ.

ನನ್ನ ವಾಚನ್ನು ಬೇರೆಯವರಿಗೆ ಕೊಡಬಹುದೇ?

ಕೊಡುವ ಮೊದಲು ಆ್ಯಪ್‌ನಲ್ಲಿ ನಿಮ್ಮ ಫೋನಿನಿಂದ ಬಿಡಿಸಿ, ಆಮೇಲೆ ವಾಚಿನಲ್ಲಿರುವುದನ್ನೆಲ್ಲ ಅಳಿಸಿ. ನಿಮ್ಮ ನಾಡಿ, ನಿದ್ದೆ, ಓಡಾಟದ ದಾಖಲೆ ಕಂಪನಿಯ ಸರ್ವರಿನಲ್ಲೂ ಇರಬಹುದು. ಖಾತೆಯೇ ಬೇಡವೆಂದರೆ ಅಲ್ಲಿಂದಲೂ ಅಳಿಸಲು ಕೇಳಿ. ಬಿಡಿಸದೆ ಕೊಟ್ಟ ಆಪಲ್ ವಾಚು ನಿಮ್ಮ ಪಾಸ್‌ವರ್ಡ್ ಇಲ್ಲದೆ ಹೊಸಬರಿಗೆ ತೆರೆಯುವುದೂ ಇಲ್ಲ.

ಒಂದು ದಿನದ ಎರವಲು ಕೊಟ್ಟರೂ ಪಜೀತಿಯೇ. ಮೊಗೆಕಾಯಿಗೆ ವಾಚು ಕಟ್ಟಿದ ಆ ಹುಡುಗ ನನ್ನದನ್ನು ಒಂದು ಭಾನುವಾರ ವಾಲಿಬಾಲ್ ಪಂದ್ಯಕ್ಕೆ ಕಟ್ಟಿಕೊಂಡು ಹೋಗಿ ರಾತ್ರಿ ತಂದುಕೊಟ್ಟ. ಫೋನಿನ ಹತ್ತಿರ ಬಂದ ಕೂಡಲೇ ಇಡೀ ದಿನದ ಲೆಕ್ಕ ನನ್ನ ಖಾತೆಗೆ ಬಿತ್ತು. ನನ್ನ ಗರಿಷ್ಠ ನಾಡಿಬಡಿತ 181. ಅದೇ ಆ್ಯಪ್ ಬೆಂಗಳೂರಿನಲ್ಲಿ ಮಗಳ ಫೋನಿನಲ್ಲೂ ಇದೆ. ಅವಳು ಹತ್ತೂವರೆಗೆ ಕರೆ ಮಾಡಿ, ಅಪ್ಪಾ, ಈ ವಯಸ್ಸಿನಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದಳು.